ಎಳೆಯರ ಚಿತ್ತವಿಕಲತೆಯೂ ಔಷಧೋಪಚಾರವೂ: ಸಿಂಧನೂರು, ಲಿಂಗಸೂಗೂರು, ಮಸ್ಕಿ ಸೀಮೆಯನ್ನು ಕುರಿತು ಕೆಲವು ವಿಚಾರಗಳು

ಕನ್ನಡನಾಡಿನ ಇತಿಹಾಸವನ್ನು ಓದಿದವರಿಗೆ ಮಸ್ಕಿಯ ಹೆಸರು ಹೊಸದಲ್ಲ. 1915ರಲ್ಲಿ ಅಲ್ಲಿ ದೊರೆತ ಬಂಡೆಗಲ್ಲಿನ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರೂ ಇದ್ದುದರಿಂದ, ಬೇರೆ ಕಡೆಗಳ ಶಾಸನಗಳಲ್ಲಿ ಬಿರುದಿನಿಂದ ಮಾತ್ರ ಕಾಣಿಸಿಕೊಂಡಿದ್ದ ಅರಸನು ಯಾರೆಂಬ ಚರ್ಚೆಗೆ ಬಲವಾದ ಆಧಾರ ಸಿಕ್ಕಿತು. ಲಿಂಗಸೂಗೂರು ತಾಲ್ಲೂಕು ಮುದಗಲ್ಲಿನ ಕೋಟೆಯಿಂದಲೂ ಹಟ್ಟಿಯ ಚಿನ್ನದ ಗಣಿಯಿಂದಲೂ ಹೆಸರಾಗಿದೆ. ಸಿಂಧನೂರು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆಯುವ ಬತ್ತದಿಂದ ಹೆಸರಾಗಿದೆ. ಪ್ರಕೃತ ಲೇಖನದ ವಿಷಯವು ಇವುಗಳಲ್ಲಿ ಯಾವುದೂ ಅಲ್ಲ. ರಾಯಚೂರು ಜಿಲ್ಲೆಯ ಈ ಸೀಮೆಯ ಒಂದು ಮನೆಯಲ್ಲಿ ಹದಿನಾಲ್ಕು ಹದಿನೈದು ವಯಸ್ಸಿನ ಹುಡುಗನಿಗೋ ಹುಡುಗಿಗೋ ಚಿತ್ತ ಕೆಟ್ಟಿತೆಂದರೆ ಮುಂದೆ ಏನಾಗುತ್ತದೆ, ಈಗ ದೊರೆಯುವ ಔಷಧಗಳು ಅಲ್ಲಿ ಎಷ್ಟರಮಟ್ಟಿಗೆ ಕೆಲಸ ಮಾಡುತ್ತವೆ, ಎಲ್ಲಿ ಸೋಲುತ್ತವೆ ಎಂಬುದನ್ನು ವಿಚಾರಮಾಡುವುದು ಇಲ್ಲಿಯ ಉದ್ದೇಶ.

ಇಂಥ ವಿಷಯವನ್ನು ವೈದ್ಯರ ಪತ್ರಿಕೆಗೆ ಬಿಡದೆ ಸಾಹಿತ್ಯದ ಅಧ್ಯಾಪಕರೂ ಪಂಡಿತರೂ ಓದುವ ಪತ್ರಿಕೆಯಲ್ಲಿ ಏಕೆ ಎತ್ತಬೇಕೆಂದು ಕೆಲವರು ಕೇಳಬಹುದು. ಕಾರಣವುಂಟು. ಈ ರೋಗವು ಅನೇಕ ವೇಳೆ ಮೊದಲು ಮಾತಿನಲ್ಲಿಯೂ ಬರವಣಿಗೆಯಲ್ಲಿಯೂ ತೋರುತ್ತದೆ. ಮಾತನ್ನೂ ಬರವಣಿಗೆಯನ್ನೂ ದಿನದಿನವೂ ನೋಡುವವನು ಉಪಾಧ್ಯಾಯನು. ವಾಕ್ಯಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿರುವರಷ್ಟೆ. ಚಿತ್ತವು ಸಡಿಲವಾದ ಹುಡುಗನ ನಿಬಂಧದಲ್ಲಿ ಪದಗಳ ಸನ್ನಿಧಿ ಇರುತ್ತದೆ, ವಿಭಕ್ತಿಗಳೂ ಸರಿಯಾಗಿರಬಹುದು. ಆದರೆ ಒಂದು ವಾಕ್ಯವು ಇನ್ನೊಂದನ್ನು ಬಯಸುವುದಿಲ್ಲ. ಮಳೆಗಾಲವನ್ನು ಕುರಿತು ಬರೆಯಹೊರಟವನು ನಡುವೆ ಮನೆಯ ಎದುರಿನ ಕಂಬದ ಮಾತನ್ನು ತರುತ್ತಾನೆ, ಅಲ್ಲಿಂದ ತನ್ನ ಹೆಸರಿನ ಅಕ್ಷರಗಳಿಗೆ ಹಾರುತ್ತಾನೆ. ತನಗೆ ಮಾತ್ರ ಅರ್ಥವಾಗುವ ಹೊಸ ಶಬ್ದಗಳನ್ನು ಕಟ್ಟುತ್ತಾನೆ. ಇದನ್ನು ಉಪಾಧ್ಯಾಯನು ಉದಾಸೀನವೆಂದೋ ಉದ್ಧಟತನವೆಂದೋ ತಿಳಿದು ಕೆಂಪು ಗೆರೆ ಎಳೆದು ಮುಂದಕ್ಕೆ ಹೋಗುವುದು ಸಹಜ. ಆ ಗೆರೆಗೂ ಮೊದಲನೆಯ ಔಷಧಕ್ಕೂ ನಡುವೆ ಕಳೆದುಹೋಗುವ ತಿಂಗಳುಗಳೇ ಹುಡುಗನ ಮುಂದಿನ ಬಾಳನ್ನು ಬಹುಮಟ್ಟಿಗೆ ನಿರ್ಣಯಿಸುತ್ತವೆ. ಔಷಧ ಆರಂಭವಾದ ಮೇಲೆಯೂ ಮೊದಲ ಎರಡು ತಿಂಗಳಲ್ಲಿ ಅದು ದೇಹದಲ್ಲಿಯೂ ಮನಸ್ಸಿನಲ್ಲಿಯೂ ಮಾಡುವ ಕೆಲಸವನ್ನು ಮನೆಯವರೂ ಶಾಲೆಯವರೂ ತಪ್ಪಾಗಿ ಅರ್ಥಮಾಡುವುದರಿಂದ ಚಿಕಿತ್ಸೆ ಅರ್ಧದಲ್ಲಿ ನಿಲ್ಲುವುದುಂಟು. ನಮ್ಮ ಅಭಿಪ್ರಾಯದಲ್ಲಿ, ಔಷಧದ ಸೋಲೆಂದು ಎಣಿಸಲ್ಪಡುವ ಸಂಗತಿಗಳಲ್ಲಿ ಒಂದು ಭಾಗವು ಈ ತಪ್ಪು ಅರ್ಥದ ಫಲ.

ಮೊದಲು ಶಬ್ದದ ಮಾತು. ಈ ಸೀಮೆಯಲ್ಲಿ ಜನರು ಹುಚ್ಚು, ಮರುಳು, ಗಾಳಿ, ಸೋಂಕು, ಮಾಟ ಎಂಬ ಮಾತುಗಳನ್ನು ಬಳಸುತ್ತಾರೆ. ಹುಚ್ಚು, ಮರುಳುಗಳು ಸ್ಥಿತಿಯನ್ನು ಹೇಳುತ್ತವೆ. ಗಾಳಿ, ಸೋಂಕು, ಮಾಟಗಳು ಕಾರಣವನ್ನು ಹೇಳುತ್ತವೆ. ‘ಹುಚ್ಚು’ ಎಂದ ಕೂಡಲೆ ಹುಡುಗಿಯ ಮದುವೆ ನಿಲ್ಲುತ್ತದೆ. ‘ಗಾಳಿ’ ಎಂದರೆ ಅದು ಹೊರಗಿನಿಂದ ಬಂದದ್ದು, ಹೊರಗೆ ಹೋಗತಕ್ಕದ್ದು. ತಾಯಿತಂದೆಗಳು ಎರಡನೆಯ ಮಾತನ್ನು ಆರಿಸಿಕೊಳ್ಳುವುದರಲ್ಲಿ ಅಜ್ಞಾನಕ್ಕಿಂತ ಹೆಚ್ಚಾಗಿ ವಿವೇಕವೇ ಇದೆಯೆಂದು ನಮಗೆ ತೋರುತ್ತದೆ. ಸಂಸ್ಕೃತದಲ್ಲಿ ‘ಉನ್ಮಾದ’ವು ಪ್ರಸಿದ್ಧ. ಭರತನು 33 ವ್ಯಭಿಚಾರಿಭಾವಗಳಲ್ಲಿ ಅದನ್ನು ಎಣಿಸಿದ್ದಾನೆ; ಆದುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಉನ್ಮಾದವೆಂದರೆ ವಿರಹದ ಒಂದು ಅವಸ್ಥೆಯಾಗಿ ಮಾತ್ರ ಪರಿಚಯ. ಚರಕನ ಲಕ್ಷಣವು ಹೆಚ್ಚು ನಿಷ್ಕೃಷ್ಟವಾದುದು: ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟರ ವಿಭ್ರಮವೇ ಉನ್ಮಾದ. ಇಲ್ಲಿ ‘ಭಕ್ತಿ’ ಎಂದರೆ ದೇವರ ಭಕ್ತಿಯಲ್ಲ, ರುಚಿ, ಒಲವು ಎಂದರ್ಥ. ನಿನ್ನೆ ಪ್ರಿಯವಾಗಿದ್ದ ಆಟವೂ ಗೆಳೆಯನೂ ಇಂದು ಬೇಡವಾಗುವುದನ್ನು ರೋಗದ ಲಕ್ಷಣಗಳಲ್ಲಿ ಸೇರಿಸಿದ ಆ ಸೂಕ್ಷ್ಮತೆ ಗಮನಿಸತಕ್ಕದ್ದು. ಈಗಿನ ವೈದ್ಯರು ‘ಸೈಕೋಸಿಸ್’ ಎನ್ನುವುದಕ್ಕೆ, ಎಂದರೆ ಇಲ್ಲದ ದನಿ ಕೇಳುವುದು, ಇಲ್ಲದ ಸಂಗತಿಯನ್ನು ದೃಢವಾಗಿ ನಂಬುವುದು, ವಿಚಾರದ ಎಳೆ ತಪ್ಪುವುದು ಎಂಬ ಸ್ಥಿತಿಗೆ, ನಾವು ಇಲ್ಲಿ ‘ಚಿತ್ತವಿಕಲತೆ’ ಎಂಬ ಮಾತನ್ನು ಉಪಯೋಗಿಸುತ್ತೇವೆ. ಇದು ಒಂದೇ ರೋಗದ ಹೆಸರಲ್ಲ. ಜ್ವರವೆಂಬಂತೆ ಅನೇಕ ರೋಗಗಳ ಒಂದು ಮುಖ.

ಉಮ್ಮತ್ತದ ಗಿಡದ ಹೆಸರೇ ಇದಕ್ಕೆ ಒಳ್ಳೆಯ ನಿದರ್ಶನ. ‘ಉನ್ಮತ್ತ’ದ ತದ್ಭವವಾದ ಆ ಮಾತು ಗಿಡಕ್ಕೆ ಬಂದದ್ದು ಅದರ ಬೀಜದ ಗುಣದಿಂದ. ಬೇಲಿಯ ಬದಿಯಲ್ಲಿ ಆಡುವ ಮಗು ಅದರ ಬೀಜವನ್ನು ತಿಂದರೆ ಕೆಲವು ಗಂಟೆಗಳಲ್ಲಿ ಬಾಯಿ ಒಣಗುತ್ತದೆ, ಮೈ ಕಾಯುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ. ಮಗು ಗಾಳಿಯಲ್ಲಿ ಇಲ್ಲದ ವಸ್ತುಗಳನ್ನು ಹಿಡಿಯಲು ಕೈ ಚಾಚುತ್ತದೆ. ಇದು ಚಿತ್ತವಿಕಲತೆಯೇ, ಆದರೆ ಇದಕ್ಕೆ ಬೇಕಾದದ್ದು ಮನೋವೈದ್ಯನಲ್ಲ, ಒಡನೆಯೇ ಆಸ್ಪತ್ರೆ. ಸಿಂಧನೂರಿನ ಗದ್ದೆಗಳಲ್ಲಿಯೂ ಹತ್ತಿಯ ಹೊಲಗಳಲ್ಲಿಯೂ ಸಿಂಪಡಿಸುವ ಕೀಟನಾಶಕವು ಮೈಗೆ ಸೇರಿದಾಗಲೂ ಎಚ್ಚರ ತಪ್ಪಿದ ಮಾತುಗಳು ಬರಬಹುದು. ಜ್ವರ ಮಿದುಳಿಗೆ ಏರಿದಾಗ, ಅಪಸ್ಮಾರದ ಸೆಳೆತದ ಮುಂದೆ ಹಿಂದೆ, ಹೀಗೆಯೇ. ಸಾಮಾನ್ಯವಾದ ಗುರುತು ಒಂದುಂಟು: ದೇಹದ ಕಾರಣದಿಂದ ಬಂದ ಭ್ರಮೆಯಲ್ಲಿ ಎಚ್ಚರವೇ ಮಂಕಾಗುತ್ತದೆ. ಮಗುವಿಗೆ ಹೊತ್ತು, ಸ್ಥಳ ತಿಳಿಯುವುದಿಲ್ಲ. ಸ್ಥಿತಿಯು ಗಂಟೆಗಂಟೆಗೆ ಏರಿಳಿಯುತ್ತದೆ. ದನಿಗಿಂತ ನೋಟದ ಭ್ರಮೆ ಹೆಚ್ಚು.

ಇವುಗಳಿಗಿಂತ ಮೆಲ್ಲಗೆ ಬರುವ ಎರಡು ಮೂರು ವ್ಯಾಧಿಗಳನ್ನು ಇಲ್ಲಿ ಹೆಸರಿಸಲೇಬೇಕು. ವಿಲ್ಸನ್ ಕಾಯಿಲೆ ಎಂಬುದರಲ್ಲಿ ದೇಹವು ತಾಮ್ರವನ್ನು ಹೊರಹಾಕಲಾರದೆ ಅದು ಯಕೃತ್ತಿನಲ್ಲಿಯೂ ಮಿದುಳಿನಲ್ಲಿಯೂ ಸೇರುತ್ತದೆ. ತಾಯಿತಂದೆಗಳಿಬ್ಬರಲ್ಲಿಯೂ ಅದರ ಬೀಜವಿದ್ದರೆ ಮಾತ್ರ ಮಗುವಿಗೆ ಬರುವುದರಿಂದ, ಸೋದರಮಾವ, ಅಕ್ಕನ ಮಕ್ಕಳಲ್ಲಿ ಮದುವೆಯಾಗುವ ಕುಲಗಳಲ್ಲಿ ಇದರ ಸಂಭವ ಹೆಚ್ಚು. ಹುಡುಗನ ಅಕ್ಷರ ಕೆಡುತ್ತದೆ, ನಾಲಗೆ ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ಕೈ ನಡುಗುತ್ತದೆ. ಅದರ ಜೊತೆಗೆ ಸಿಡುಕು, ಸಂಶಯ, ಕೆಲವೊಮ್ಮೆ ಚಿತ್ತವಿಕಲತೆ. ಇಲ್ಲಿ ಬೇಕಾದದ್ದು ತಾಮ್ರವನ್ನು ಇಳಿಸುವ ಔಷಧ. ಚಿತ್ತವಿಕಲತೆಗೆ ಕೊಡುವ ಔಷಧಗಳನ್ನು ಮಾತ್ರ ಕೊಟ್ಟರೆ ಕೈಕಾಲಿನ ಬಿಗಿತವು ಹೆಚ್ಚುವ ಭಯವಿದೆ. ಎರಡನೆಯದು 2007ರಲ್ಲಿ ಗುರುತಿಸಲ್ಪಟ್ಟ ಒಂದು ಬಗೆಯ ಮಿದುಳಿನ ಉರಿ. ದೇಹದ ರಕ್ಷಣಾಶಕ್ತಿಯೇ ಮಿದುಳಿನ ಒಂದು ಗ್ರಾಹಕದ ಮೇಲೆ ತಿರುಗಿಬೀಳುವುದರಿಂದ ಇದು ಬರುತ್ತದೆ, ಹೆಣ್ಣುಮಕ್ಕಳಲ್ಲಿ ಹೆಚ್ಚು. ಕೆಲವೇ ದಿನಗಳಲ್ಲಿ ಭ್ರಮೆ, ಬಳಿಕ ಸೆಳೆತ, ಬಾಯಿಯ ಚಲನೆ, ಮೌನ. ಸಕಾಲದಲ್ಲಿ ತಿಳಿದರೆ ಬಹುಮಂದಿ ಚೇತರಿಸಿಕೊಳ್ಳುತ್ತಾರೆ. ತಿಳಿಯದಿದ್ದರೆ ಪ್ರಾಣಕ್ಕೇ ಅಪಾಯ. ಮೂರನೆಯದು ಎಳೆತನದ ದಡಾರದ ವಿಷಾಣುವು ವರ್ಷಗಳ ಮೇಲೆ ಮಿದುಳನ್ನು ಕೆಡಿಸುವುದು. ಮೊದಲು ಓದಿನಲ್ಲಿ ಹಿಂದೆ ಬೀಳುವಿಕೆ, ಅನಂತರ ಮೈ ಥಟ್ಟನೆ ಬೆಚ್ಚಿಬೀಳುವಿಕೆ.

ಇದೆಲ್ಲ ಭಯಕ್ಕೆ ಕಾರಣವಾಗಬಾರದು. ಇಲ್ಲದ ದನಿಯನ್ನು ಕೇಳಿದ ಮಗುವೆಲ್ಲ ರೋಗಿಯಲ್ಲ. ಬೇರೆ ಬೇರೆ ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಲೆಕ್ಕದಂತೆ 9ರಿಂದ 12 ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 17 ಮಂದಿಯೂ, 13ರಿಂದ 18ರವರಲ್ಲಿ ನೂರಕ್ಕೆ ಸುಮಾರು 7 ಮಂದಿಯೂ ಇಂಥ ಅನುಭವವನ್ನು ಹೇಳುತ್ತಾರೆ. ಬಹುಮಂದಿಯಲ್ಲಿ ಅದು ತಾನಾಗಿ ಹೋಗುತ್ತದೆ. ಹದಿಮೂರಕ್ಕೆ ಮುಂಚೆ ಆರಂಭವಾಗುವ ನಿಜವಾದ ಸ್ಕಿಜೋಫ್ರೀನಿಯಾ ಬಹಳ ವಿರಳ. ಅಮೆರಿಕದ ಅಂದಾಜಿನಂತೆ 40,000 ಮಕ್ಕಳಲ್ಲಿ ಒಬ್ಬರು. ಹದಿಹರೆಯದಲ್ಲಿ ಅದು ಹೆಚ್ಚುತ್ತದೆ. ಹಬ್ಬದಲ್ಲಿ ಮೈಮೇಲೆ ದೇವರು ಬಂದು ಅರ್ಧಗಂಟೆಯಲ್ಲಿ ಇಳಿದು ಮರುದಿನ ಶಾಲೆಗೆ ಬರುವ ಹುಡುಗಿಯನ್ನು ಈ ಲೆಕ್ಕಕ್ಕೆ ಸೇರಿಸತಕ್ಕದ್ದೇ ಅಲ್ಲ. ವಾರಗಟ್ಟಲೆ ನಿದ್ರೆ ಕೆಟ್ಟು, ಗೆಳೆಯರನ್ನು ಬಿಟ್ಟು, ಅಂಕಗಳು ಇಳಿದು, ಮೈ ತೊಳೆಯುವುದನ್ನೂ ಮರೆತು, ತನ್ನನ್ನು ಯಾರೋ ನೋಡುತ್ತಿರುವರೆಂದು ಕಿಟಕಿಯನ್ನು ಮುಚ್ಚುವ ಹುಡುಗನು ಬೇರೆ.

ಇನ್ನು ಔಷಧದ ಇತಿಹಾಸಕ್ಕೆ ಬರೋಣ. ಇದರ ಒಂದು ಅಧ್ಯಾಯವು ನಮ್ಮ ದೇಶದ್ದೇ. ಸರ್ಪಗಂಧಿಯ ಬೇರು ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಉಪಯೋಗವಾಗುವುದನ್ನು ಕಲ್ಕತ್ತೆಯ ಸೇನ್ ಮತ್ತು ಬೋಸ್ ಎಂಬ ವೈದ್ಯರು 1931ರಲ್ಲಿಯೇ ಬರೆದರು. 1952ರಲ್ಲಿ ಸ್ವಿಸ್ ರಸಾಯನಜ್ಞರು ಅದರಿಂದ ರೆಸರ್ಪೀನನ್ನು ಬೇರ್ಪಡಿಸಿದರು. ಅದೇ ವರ್ಷ ಪ್ಯಾರಿಸಿನ ಡಿಲೇ ಮತ್ತು ಡೆನಿಕರ್ ಎಂಬವರು ಕ್ಲೋರ್‌ಪ್ರೊಮಜೀನನ್ನು ಚಿತ್ತವಿಕಲರಿಗೆ ಕೊಟ್ಟು ಗುಣವನ್ನು ಪ್ರಕಟಪಡಿಸಿದರು. 1958ರಲ್ಲಿ ಬೆಲ್ಜಿಯಂ ದೇಶದಲ್ಲಿ ಹ್ಯಾಲೊಪೆರಿಡಾಲ್ ಹುಟ್ಟಿತು. ಇವೆಲ್ಲವೂ ದೊಡ್ಡವರ ಮೇಲೆ ಪರೀಕ್ಷಿಸಲ್ಪಟ್ಟವು. ಮಕ್ಕಳಿಗೆ ಬಹುಕಾಲ ಊಹೆಯಿಂದಲೇ ಅಳತೆಯನ್ನು ತಗ್ಗಿಸಿ ಕೊಡುತ್ತಿದ್ದರು. ಅಷ್ಟೇ ಅಲ್ಲ, ಮಗುವಿನ ಚಿತ್ತವಿಕಲತೆ ಎಂಬ ಒಂದೇ ಹೆಸರಿನ ಕೆಳಗೆ ಆಟಿಸಂ ಎಂಬುದೂ ಸೇರಿಹೋಗಿತ್ತು. 1971ರಲ್ಲಿ ಇಂಗ್ಲೆಂಡಿನ ಕೊಲ್ವಿನ್ ಎಂಬ ವೈದ್ಯನು ಎರಡೂ ಬೇರೆ ಎಂಬುದನ್ನು ಆರಂಭದ ವಯಸ್ಸಿನಿಂದ ತೋರಿಸಿದ ಮೇಲೆ ತಾನೆ ಮಕ್ಕಳಲ್ಲಿ ಔಷಧ ಏನು ಮಾಡುತ್ತದೆಂದು ಕೇಳುವುದು ಸಾಧ್ಯವಾದದ್ದು.

ಆ ಪ್ರಶ್ನೆಗೆ ದೊರೆತ ಎರಡು ಉತ್ತರಗಳು ಮುಖ್ಯವಾದುವು. 1996ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಬೇರೆ ಔಷಧಗಳಿಂದ ಗುಣವಾಗದಿದ್ದ 21 ಮಂದಿ ಎಳೆಯರಿಗೆ ಆರು ವಾರ ಹ್ಯಾಲೊಪೆರಿಡಾಲನ್ನೋ ಕ್ಲೋಜಪೀನನ್ನೋ ಕೊಟ್ಟು ನೋಡಿದರು. ಕ್ಲೋಜಪೀನ್ ಎಲ್ಲ ಬಗೆಯಿಂದಲೂ ಮೇಲಾಯಿತು. ಆದರೆ ಅದು ರಕ್ತದ ಬಿಳಿಯ ಕಣಗಳನ್ನು ತಗ್ಗಿಸಬಹುದಾದುದರಿಂದ ಮೊದಲ ತಿಂಗಳುಗಳಲ್ಲಿ ವಾರವಾರವೂ ರಕ್ತಪರೀಕ್ಷೆ ಅವಶ್ಯ. 2008ರ ಇನ್ನೊಂದು ಪರೀಕ್ಷೆಯಲ್ಲಿ 8ರಿಂದ 19 ವರ್ಷದ 116 ಮಂದಿಗೆ ಎಂಟು ವಾರಗಳ ಕಾಲ ಮೂರು ಔಷಧಗಳಲ್ಲಿ ಒಂದೊಂದನ್ನು ಕೊಟ್ಟರು. ಗುಣ ಕಂಡವರು ಮೊಲಿಂಡೋನಿನಲ್ಲಿ ನೂರಕ್ಕೆ 50, ರಿಸ್ಪೆರಿಡೋನಿನಲ್ಲಿ 46, ಒಲಂಜಪೀನಿನಲ್ಲಿ 34. ತೂಕದ ಏರಿಕೆಯು ಸರಾಸರಿ ಕ್ರಮವಾಗಿ 0.3, 3.6, 6.1 ಕಿಲೋಗ್ರಾಮು. ಎಂಟು ವಾರದಲ್ಲಿ ಆರು ಕಿಲೋ! ಆ ಪರೀಕ್ಷೆಯಲ್ಲಿ ಒಲಂಜಪೀನ್ ಕೊಡುವುದನ್ನು ಈ ಕಾರಣದಿಂದಲೇ ನಡುವೆ ನಿಲ್ಲಿಸಬೇಕಾಯಿತು. ಹೊಸ ಔಷಧಗಳು ಹಳೆಯವಕ್ಕಿಂತ ಮೇಲೆಂಬ ನಂಬಿಕೆಗೆ ಈ ಲೆಕ್ಕದಲ್ಲಿ ಆಧಾರವಿಲ್ಲ. ಮೊದಲನೆಯ ಔಷಧದಿಂದ ಅರ್ಧದಷ್ಟು ಮಕ್ಕಳಿಗೆ ಮಾತ್ರ ಚೆನ್ನಾಗಿ ಗುಣವಾಗುತ್ತದೆ, ಉಳಿದವರಿಗೆ ಎರಡನೆಯದನ್ನೂ ಮೂರನೆಯದನ್ನೂ ನೋಡಬೇಕಾಗುತ್ತದೆ ಎಂಬುದನ್ನು ತಾಯಿತಂದೆಗಳಿಗೆ ಮೊದಲೇ ಹೇಳಿದರೆ ಅವರು ಒಂದು ತಿಂಗಳಿಗೇ ಕೈಬಿಡುವುದಿಲ್ಲ.

ಗುಣವು ಬರುವ ಕ್ರಮವೂ ಒಂದುಂಟು. ಮೊದಲ ಕೆಲವು ದಿನಗಳಲ್ಲಿ ನಿದ್ರೆ ಬರುತ್ತದೆ, ಕೂಗಾಟ ತಗ್ಗುತ್ತದೆ. ಎರಡರಿಂದ ಆರು ವಾರಗಳಲ್ಲಿ ದನಿಗಳು ದೂರವಾಗುತ್ತವೆ, ಸಂಶಯವು ಸಡಿಲುತ್ತದೆ. ‘ದನಿ ಇದೆ, ಆದರೆ ಅದರ ಮಾತು ಕೇಳಬೇಕೆನಿಸುವುದಿಲ್ಲ’ ಎಂಬಂಥ ಉತ್ತರ ಬರಬಹುದು. ಮಂಕು, ಮೌನ, ಉತ್ಸಾಹವಿಲ್ಲದಿರುವುದು ಎಂಬಿವು ಎಲ್ಲಕ್ಕಿಂತ ನಿಧಾನವಾಗಿ ಹೋಗುತ್ತವೆ. ಕೆಲವರಲ್ಲಿ ಹೋಗುವುದೇ ಇಲ್ಲ. ಔಷಧದ ಶಕ್ತಿಯು ಈ ಭಾಗದಲ್ಲಿ ಕಡಮೆಯೆಂದು ಒಪ್ಪಿಕೊಳ್ಳಬೇಕು. ಉಪಾಧ್ಯಾಯರು ನೋಡುವುದು ಈ ಮೂರನೆಯ ಭಾಗವನ್ನೇ. ಹುಡುಗನು ಒಂದು ತಿಂಗಳ ಮೇಲೆ ತರಗತಿಗೆ ಬಂದು ಬೆಂಚಿನ ತುದಿಯಲ್ಲಿ ತೂಕಡಿಸುತ್ತ ಕುಳಿತರೆ ‘ಔಷಧದಿಂದ ದಡ್ಡನಾದ’ ಎಂಬ ಮಾತು ಹೊರಡುತ್ತದೆ. ತೂಕಡಿಕೆಯು ಔಷಧದ್ದಿರಬಹುದು, ಅಳತೆಯನ್ನೋ ಹೊತ್ತನ್ನೋ ಬದಲಾಯಿಸಿ ಅದನ್ನು ತಗ್ಗಿಸಬಹುದು. ಮಂಕು ರೋಗದ್ದೇ ಇರಬಹುದು. ಔಷಧ ಬಿಟ್ಟರೆ ಅದು ಹೋಗುವುದಿಲ್ಲ, ದನಿಗಳು ಮಾತ್ರ ತಿರುಗಿ ಬರುತ್ತವೆ.

ಇದಕ್ಕಿಂತ ಅಪಾಯಕರವಾದ ಒಂದು ತಪ್ಪು ಅರ್ಥವನ್ನು ವಿಸ್ತರಿಸಿಯೇ ಹೇಳಬೇಕಾಗಿದೆ. ಹ್ಯಾಲೊಪೆರಿಡಾಲಿನಂಥ ಔಷಧವನ್ನು ತೆಗೆದುಕೊಂಡ ಮೊದಲ ಕೆಲವು ದಿನಗಳಲ್ಲಿ, ವಿಶೇಷವಾಗಿ ಹದಿಹರೆಯದ ಗಂಡುಮಕ್ಕಳಲ್ಲಿ, ಕತ್ತು ಒಂದು ಕಡೆಗೆ ತಿರುಚಿಕೊಳ್ಳುವುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದು, ದವಡೆ ಬಿಗಿಯುವುದು, ನಾಲಗೆ ಹೊರಗೆ ಚಾಚುವುದು ಉಂಟು. ಇದು ಸ್ನಾಯುಗಳ ಸೆಳೆತ. ತಕ್ಕ ಸೂಜಿಮದ್ದನ್ನು ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಬಿಡುತ್ತದೆ. ಆದರೆ ರಾತ್ರಿಯ ಹೊತ್ತು, ಆಸ್ಪತ್ರೆಯಿಲ್ಲದ ಹಳ್ಳಿಯಲ್ಲಿ, ದೆವ್ವ ಬಡಿದಿದೆಯೆಂದು ಮೊದಲೇ ಶಂಕಿಸಿದ ಮನೆಯವರಿಗೆ ಈ ದೃಶ್ಯವು ಏನನ್ನು ತಿಳಿಸೀತು? ಗಾಳಿಯು ತನ್ನ ನಿಜರೂಪವನ್ನು ತೋರಿತೆಂದೇ ಅಲ್ಲವೆ? ಗುಳಿಗೆಯನ್ನು ಆ ರಾತ್ರಿಯೇ ಎಸೆಯುತ್ತಾರೆ. ಮತ್ತೆ ಆಸ್ಪತ್ರೆಯ ಕಡೆಗೆ ಬರುವುದಿಲ್ಲ. ವೈದ್ಯನು ಔಷಧದ ಚೀಟಿಯ ಜೊತೆಗೆ ‘ಹೀಗಾಗಬಹುದು, ಆದರೆ ಹೆದರಬೇಡಿ, ಕೂಡಲೆ ಬನ್ನಿ’ ಎಂದು ಎರಡು ಮಾತು ಹೇಳಿದ್ದರೆ ಇಡೀ ಚಿಕಿತ್ಸೆ ಉಳಿಯುತ್ತಿತ್ತು. ಇದರ ತಮ್ಮನೆನ್ನಬಹುದಾದ ಇನ್ನೊಂದು ತೊಂದರೆಯು ಕುಳಿತಲ್ಲಿ ಕುಳಿತಿರಲಾರದ ತಳಮಳ. ಹುಡುಗನು ಕಾಲು ಬದಲಾಯಿಸುತ್ತಾನೆ, ಏಳುತ್ತಾನೆ, ಹೊರಗೆ ಹೋಗುತ್ತಾನೆ; ಉಪಾಧ್ಯಾಯನಿಗೆ ಅದು ತುಂಟತನ, ಮನೆಯವರಿಗೆ ರೋಗದ ಉಲ್ಬಣ. ರೋಗ ಹೆಚ್ಚಿತೆಂದು ಔಷಧವನ್ನು ಹೆಚ್ಚಿಸಿದರೆ ತಳಮಳವೂ ಹೆಚ್ಚುವುದು. ಎಳೆಯರಲ್ಲಿ ಅತಿ ಕಡಮೆ ಅಳತೆಯಿಂದ ಆರಂಭಿಸಿ ಮೆಲ್ಲಮೆಲ್ಲನೆ ಏರಿಸಬೇಕೆಂಬ ನಿಯಮಕ್ಕೆ ಇದೇ ಕಾರಣ.

ಮೌನವಾದ ಮಗುವಿನ ವಿಷಯದಲ್ಲಿ ಮಾತ್ರ ಔಷಧದ ವೇಗವು ಬೆರಗುಗೊಳಿಸುವಂಥದು. ಕೆಲವರು ಮಾತು, ಊಟ, ಚಲನೆ ಎಲ್ಲವನ್ನೂ ಬಿಟ್ಟು, ಎತ್ತಿದ ಕೈಯನ್ನು ಎತ್ತಿದಂತೆಯೇ ಹಿಡಿದು, ಗೊಂಬೆಯಂತೆ ಕುಳಿತುಬಿಡುತ್ತಾರೆ. ಇದನ್ನು ವೈದ್ಯರು ಕ್ಯಾಟಟೋನಿಯಾ ಎನ್ನುತ್ತಾರೆ. ಲೊರಜಪಾಮ್ ಎಂಬ ಔಷಧವನ್ನು ಸೂಜಿಯಿಂದ ಕೊಟ್ಟಾಗ ಎಷ್ಟೋ ಮಂದಿ ಕೆಲವು ಗಂಟೆಗಳಲ್ಲಿಯೇ ನೀರು ಕೇಳುತ್ತಾರೆ. ಊಟವಿಲ್ಲದೆ ವಾರ ಕಳೆದರೆ ಪ್ರಾಣಾಪಾಯವಿರುವುದರಿಂದ ಇಂಥ ಮಗುವನ್ನು ಮನೆಯಲ್ಲಿ ಇಟ್ಟುಕೊಂಡು ಕಾಯುವುದು ತಕ್ಕುದಲ್ಲ. ಜೊತೆಗೆ ನೆನೆಯತಕ್ಕ ಇನ್ನೊಂದು ಸಮಾಧಾನವುಂಟು. ಥಟ್ಟನೆ ಆರಂಭವಾಗಿ ಕೆಲವು ವಾರಗಳಲ್ಲಿ ಪೂರ್ತಿಯಾಗಿ ಗುಣವಾಗುವ ಚಿತ್ತವಿಕಲತೆಯು ನಮ್ಮಂಥ ದೇಶಗಳಲ್ಲಿ ಹೆಚ್ಚು. 1992ರ ಅಂತರರಾಷ್ಟ್ರೀಯ ರೋಗವರ್ಗೀಕರಣದಲ್ಲಿ ಅದಕ್ಕೆ ಬೇರೆಯೇ ಸ್ಥಾನವಿದೆ. ಹದಿಹರೆಯದಲ್ಲಿ ಚಿತ್ತವಿಕಲತೆಯಂತೆ ತೋರಿದ್ದು ಮುಂದೆ ಉಬ್ಬರವಿಳಿತದ ಮನೋರೋಗವೆಂದು, ಲಿಥಿಯಂ ಎಂಬ ಲವಣಕ್ಕೆ ಬಗ್ಗುವಂಥದೆಂದು, ತಿಳಿಯುವುದೂ ಉಂಟು. ಆದುದರಿಂದ ಮೊದಲ ಭೇಟಿಯಲ್ಲೇ ಮಗುವಿಗೆ ಸ್ಕಿಜೋಫ್ರೀನಿಯಾ ಎಂಬ ಮುದ್ರೆಯನ್ನು ಒತ್ತಬಾರದು.

ಈಗ ಸೀಮೆಯ ಮಾತು. ಸಂಸ್ಥಾನಗಳ ಕಾಲದಲ್ಲಿ ಮೈಸೂರಿನವರಿಗೆ ಬೆಂಗಳೂರಿನ ಆಸ್ಪತ್ರೆಯೂ ಮುಂಬಯಿ ಕರ್ನಾಟಕದವರಿಗೆ ಧಾರವಾಡದ ಆಸ್ಪತ್ರೆಯೂ ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಇದ್ದುವು. ರಾಯಚೂರು ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಮನೋರೋಗಿಗಳ ಆಸ್ಪತ್ರೆಯು ಮರಾಠಿ ಸೀಮೆಯ ಜಾಲನಾದಲ್ಲಿದ್ದು 1953ರಲ್ಲಿ ಹೈದರಾಬಾದಿನ ಎರ್ರಗಡ್ಡಕ್ಕೆ ಬಂದಿತು. ಸಿಂಧನೂರಿನ ರೈತನಿಗೆ ಎಲ್ಲವೂ ದೂರ, ಎಲ್ಲವೂ ಬೇರೆ ಭಾಷೆ. 1956ರಲ್ಲಿ ನಾಡು ಒಂದಾಯಿತು. ಬೆಂಗಳೂರಿನ ಆಸ್ಪತ್ರೆಯು 1954ರಲ್ಲಿ ಅಖಿಲ ಭಾರತ ಸಂಸ್ಥೆಯ ಅಂಗವಾಗಿ 1974ರಲ್ಲಿ ನಿಮ್ಹಾನ್ಸ್ ಎಂದಾಯಿತು. ದೂರವು ಮಾತ್ರ ಹಾಗೆಯೇ ಉಳಿಯಿತು.

ಅದನ್ನು ತಗ್ಗಿಸುವ ದಾರಿಯು ಕಂಡದ್ದು ತುಂಗಭದ್ರೆಯ ಆಚೆಯ ದಡದಲ್ಲಿಯೇ. ಸಿಂಧನೂರು ತಾಲ್ಲೂಕಿನ ಎದುರಿಗೆ ಹೊಳೆ ದಾಟಿದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ. ಆ ಜಿಲ್ಲೆಯಲ್ಲಿ 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಒಂದು ಪ್ರಯೋಗವನ್ನು ನಡೆಸಿದರು. ಪ್ರಾಥಮಿಕ ಆರೋಗ್ಯಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ಶಿಕ್ಷಣವನ್ನು ಕೊಟ್ಟು, ಬೆರಳೆಣಿಕೆಯ ಔಷಧಗಳನ್ನು ಅವರ ಕೈಯಲ್ಲಿರಿಸಿ, ಕಷ್ಟವಾದ ರೋಗಿಗಳನ್ನು ಮಾತ್ರ ಜಿಲ್ಲಾ ಕೇಂದ್ರಕ್ಕೆ ಕಳುಹಿಸುವ ಏರ್ಪಾಡು ಅದು. ಭಾರತ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು 1996ರಲ್ಲಿ ಈ ಬಳ್ಳಾರಿಯ ಮಾದರಿಯಿಂದಲೇ ಹುಟ್ಟಿತು. 2005ರಿಂದ ತೀರ್ಥಹಳ್ಳಿಯಲ್ಲಿ ನಡೆದ ಇನ್ನೊಂದು ಕೆಲಸವು, ಔಷಧವನ್ನೇ ಕಾಣದೆ ಹಳ್ಳಿಯಲ್ಲಿದ್ದ ಸ್ಕಿಜೋಫ್ರೀನಿಯಾ ರೋಗಿಗಳಿಗೆ ತಾಲ್ಲೂಕಿನ ಮಟ್ಟದಲ್ಲಿಯೇ ಔಷಧ ಕೊಟ್ಟರೆ ಅವರ ಅಸಾಮರ್ಥ್ಯವು ತಗ್ಗುವುದನ್ನು ತೋರಿಸಿತು. ಅವರು ಬಹುಮಟ್ಟಿಗೆ ದೊಡ್ಡವರು. ಆದರೂ ಕ್ರಮವು ಎಳೆಯರಿಗೂ ಸಲ್ಲುತ್ತದೆ. 2014ರಲ್ಲಿ ಆರಂಭವಾದ ‘ಮನೋಚೈತನ್ಯ’ದ ಪ್ರಕಾರ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಾಯಿತು. ಅದಿಲ್ಲದಿದ್ದರೆ ಸಿಂಧನೂರಿನಿಂದಲೂ ಲಿಂಗಸೂಗೂರಿನಿಂದಲೂ ರಾಯಚೂರಿನ ವೈದ್ಯಕೀಯ ಕಾಲೇಜಿಗೆ 80-90 ಕಿಲೋಮೀಟರಿನ ದಾರಿ. ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು. ತಿಂಗಳ ಗುಳಿಗೆಯು ಧರ್ಮಾರ್ಥವಾಗಿ ದೊರೆತರೂ ಅದರ ಬೆಲೆ ಅಷ್ಟಾಗುತ್ತದೆ.

ಭಾಷೆಯ ತೊಡಕು ಇಲ್ಲಿ ಇನ್ನೂ ತೀರಿಲ್ಲ. ಸಿಂಧನೂರಿನ ಸುತ್ತಿನ ಕ್ಯಾಂಪುಗಳಲ್ಲಿ ಆಂಧ್ರದಿಂದ ಬಂದ ಒಕ್ಕಲಿನವರು ತೆಲುಗನ್ನೂ, ಪೂರ್ವ ಪಾಕಿಸ್ತಾನದಿಂದ ಬಂದು ನೆಲೆಸಿದ ಕುಟುಂಬದವರು ಬಂಗಾಳಿಯನ್ನೂ ಆಡುತ್ತಾರೆ. ಮುದಗಲ್, ಮಸ್ಕಿಗಳಲ್ಲಿ ಉರ್ದುವಿನ ಮನೆಗಳೂ ಉಂಟು. ಮಗುವು ಶಾಲೆಯಲ್ಲಿ ಕನ್ನಡ ಕಲಿತಿದ್ದರೂ ಭಯವನ್ನು ತಾಯಿಯ ಮಾತಿನಲ್ಲಿಯೇ ಹೇಳುತ್ತದೆ. ಪರಭಾಷೆಯಲ್ಲಿ ತಡವರಿಸಿದ ಉತ್ತರವನ್ನು ವಿಚಾರದ ಎಳೆ ತಪ್ಪಿದ್ದೆಂದು ವೈದ್ಯನು ಬರೆದುಕೊಳ್ಳಬಹುದು. ನಿಜವಾಗಿ ತಪ್ಪಿದ ಎಳೆಯನ್ನು ಭಾಷೆಯ ದೋಷವೆಂದು ಬಿಟ್ಟುಬಿಡಲೂಬಹುದು. ಮನೆಯ ಹಿರಿಯರೊಬ್ಬರನ್ನು ಜೊತೆಯಲ್ಲಿ ಕೂರಿಸಿಕೊಂಡು ಕೇಳದ ಪರೀಕ್ಷೆಯು ಅರ್ಧ ಪರೀಕ್ಷೆ. ವೈದ್ಯರಲ್ಲಿಯೇ ಕನ್ನಡದಲ್ಲಿ ಈ ವಿಷಯವನ್ನು ಬರೆದವರು ಇಲ್ಲದಿಲ್ಲ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದದ್ದನ್ನು ವಾಚಕರು ಬಲ್ಲರು, ನಿಮ್ಹಾನ್ಸ್‌ನ ಸಿ. ಆರ್. ಚಂದ್ರಶೇಖರ್ ಅವರು ಸಾಮಾನ್ಯ ಜನರಿಗಾಗಿ ಬರೆದ ಪುಸ್ತಕಗಳು ಹೇರಳವಾಗಿವೆ. ತೆಲುಗು, ಬಂಗಾಳಿ ಮನೆಯ ಮಗುವಿಗೆ ಇವುಗಳಿಂದ ಆಗುವ ಉಪಯೋಗವು ಅದರ ಉಪಾಧ್ಯಾಯನ ಮೂಲಕವೇ ಆಗಬೇಕು.

ದೇವಸ್ಥಾನ, ದರ್ಗಾಗಳ ಪ್ರಸ್ತಾಪವನ್ನು ಬಿಡಲಾಗದು. ಕಲಬುರಗಿ ಜಿಲ್ಲೆಯ ಗಾಣಗಾಪುರಕ್ಕೆ ಗಾಳಿ ಹಿಡಿದವರನ್ನು ಕರೆದೊಯ್ಯುವ ರೂಢಿಯು ಬಹಳ ಹಳೆಯದು. ಇದನ್ನು ಮೂಢನಂಬಿಕೆಯೆಂದು ಬೈದು ಮುಗಿಸುವವರು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನೋಡತಕ್ಕದ್ದು. ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ತಂಗಿದ 31 ಮಂದಿ ಮನೋರೋಗಿಗಳನ್ನು ಮನೋವೈದ್ಯರು ಬಂದಾಗಲೂ ಹೊರಡುವಾಗಲೂ ಪರೀಕ್ಷಿಸಿ, ರೋಗಲಕ್ಷಣಗಳು ನೂರಕ್ಕೆ ಸುಮಾರು 20ರಷ್ಟು ತಗ್ಗಿದ್ದನ್ನು ಕಂಡರು. ಅಲ್ಲಿ ಬೇಡಿಯಿರಲಿಲ್ಲ, ಹೊಡೆತವಿರಲಿಲ್ಲ. ಮನೆಯವರು ಜೊತೆಗಿದ್ದರು, ಮಾಡಲು ಕೆಲಸವಿತ್ತು. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿದ್ದ ರೋಗಿಗಳು ಓಡಲಾರದೆ, 28 ಮಂದಿ ಸತ್ತರು. ಎರಡೂ ನಿಜ. ಹರಕೆಯನ್ನು ಸಲ್ಲಿಸಿಯೇ ಗುಳಿಗೆಯನ್ನೂ ನುಂಗುವ ಮಗುವಿನ ಹರಕೆಯನ್ನು ತಡೆಯಲು ನಮಗೆ ಕಾರಣ ಕಾಣದು. ಸರಪಳಿಯನ್ನು ಮಾತ್ರ ಯಾವ ನಂಬಿಕೆಯ ಹೆಸರಿನಲ್ಲಿಯೂ ಒಪ್ಪಲಾಗದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಅದನ್ನು ನಿಷೇಧಿಸಿದೆ. ಹದಿನೆಂಟು ತುಂಬದವರನ್ನು ಆಸ್ಪತ್ರೆಯಲ್ಲಿರಿಸಿಕೊಂಡರೆ ದೊಡ್ಡವರಿಂದ ಬೇರೆಯಾಗಿ ಇಡಬೇಕು, ಪೋಷಕರೊಬ್ಬರು ಜೊತೆಗಿರಬೇಕು, ವಿದ್ಯುತ್ ಚಿಕಿತ್ಸೆಗೆ ಪೋಷಕರ ಒಪ್ಪಿಗೆಯ ಮೇಲೆ ಮಂಡಲಿಯ ಮುನ್ನನುಮತಿಯೂ ಬೇಕು ಎಂದೂ ಆ ಕಾಯಿದೆ ಹೇಳುತ್ತದೆ.

ಉಪಾಧ್ಯಾಯರಿಂದ ಏನಾದೀತೆಂಬುದಕ್ಕೆ ನಾರ್ವೆ ದೇಶದ ರೋಗಲಾಂಡ್ ಎಂಬ ಪ್ರಾಂತದ ಉದಾಹರಣೆಯೊಂದುಂಟು. ಅಲ್ಲಿ 1997ರಿಂದ ಪತ್ರಿಕೆಗಳ ಮೂಲಕವೂ ಶಾಲೆಗಳ ಮೂಲಕವೂ ಚಿತ್ತವಿಕಲತೆಯ ಮೊದಲ ಗುರುತುಗಳನ್ನು ಪ್ರಚಾರಮಾಡಿ, ಯಾರು ಬೇಕಾದರೂ ನೇರವಾಗಿ ಕೇಳಬಹುದಾದ ತಂಡವನ್ನು ನೇಮಿಸಿದರು. ರೋಗ ಆರಂಭವಾಗಿ ಔಷಧ ದೊರೆಯುವವರೆಗಿನ ಅವಧಿಯು ಬೇರೆ ಪ್ರಾಂತಗಳಲ್ಲಿ ನಡುವಣ ಲೆಕ್ಕದಿಂದ 16 ವಾರವಿದ್ದರೆ ಇಲ್ಲಿ 5 ವಾರಕ್ಕೆ ಇಳಿಯಿತು. ಪ್ರಚಾರವನ್ನು ನಿಲ್ಲಿಸಿದಾಗ ಮತ್ತೆ 15ಕ್ಕೆ ಏರಿತು. ಔಷಧಗಳು ಎರಡು ಕಾಲದಲ್ಲಿಯೂ ಅವೇ. ನಮ್ಮಲ್ಲಿ 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ದೊರೆಯುತ್ತದೆ; ಉಪಾಧ್ಯಾಯನೇ ಕೇಳಬಹುದು, ಹುಡುಗನ ಹೆಸರನ್ನು ಹೇಳಬೇಕಾಗಿಲ್ಲ.

ಕೊನೆಗೆ ಈ ಸೀಮೆಗೇ ವಿಶೇಷವಾದ ಒಂದು ಸಂಗತಿ. ಚಿತ್ತವಿಕಲತೆಯ ಔಷಧಗಳೂ, ಅವುಗಳ ಜೊತೆಗೆ ನಡುಕಕ್ಕೆಂದು ಕೊಡುವ ಗುಳಿಗೆಯೂ ಬೆವರನ್ನು ತಗ್ಗಿಸಿ ದೇಹದ ಶಾಖದ ಹತೋಟಿಯನ್ನು ಕೆಡಿಸಬಲ್ಲುವು. ಕ್ಲೋರ್‌ಪ್ರೊಮಜೀನ್ ತೆಗೆದುಕೊಳ್ಳುವವರ ಚರ್ಮವು ಬಿಸಿಲಿಗೆ ಬೇಗ ಸುಡುತ್ತದೆ. ರಾಯಚೂರಿನ ಬಿಸಿಲು ಪ್ರಸಿದ್ಧವಾದುದು. ಔಷಧದಿಂದ ಸುಧಾರಿಸಿದ ಹುಡುಗನನ್ನು ‘ಈಗ ಸರಿಯಾಗಿದ್ದಾನೆ’ ಎಂದು ಏಪ್ರಿಲ್, ಮೇ ತಿಂಗಳ ನಡುಹಗಲಿನಲ್ಲಿ ಹೊಲಕ್ಕೆ ಕಳುಹಿಸುವುದು ಅಪಾಯಕರ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯೂ ಅದೇ ಬಿಸಿಲಿನ ಆರಂಭದಲ್ಲಿ ಬರುತ್ತದೆ. ಪರೀಕ್ಷೆಯ ವಾರದಲ್ಲಿ ತೂಕಡಿಕೆ ಬಾರದಿರಲೆಂದು ಗುಳಿಗೆಯನ್ನು ಬಿಡಿಸುವ ತಾಯಿತಂದೆಗಳೂ ಉಂಟು. ಹಾಗೆ ಬಿಡಿಸದೆ, ವೈದ್ಯನನ್ನು ಕೇಳಿ ಅದನ್ನು ರಾತ್ರಿಯ ಹೊತ್ತಿಗೆ ಬದಲಾಯಿಸಿಕೊಂಡು, ಹುಡುಗನನ್ನು ಗಾಳಿಯಾಡುವ ಕಿಟಕಿಯ ಬಳಿ ಕೂರಿಸಿ, ನೀರಿನ ಸೀಸೆಯನ್ನು ಕೈಗೆಟಕುವಲ್ಲಿ ಇರಿಸಿಕೊಳ್ಳಲು ಅಪ್ಪಣೆ ಕೊಡುವುದು ಯಾವ ಶಾಲೆಗೂ ಕಷ್ಟವಾದ ಕೆಲಸವಲ್ಲ.